ಸೆಲ್ಫ್ ಬಿಚ್ಚುವ ಮೊದಲು: ಹಳೆ ಟ್ರ್ಯಾಕ್ಟರಿನ ಕರೆಂಟಿನ ಜಾಡು ಹಿಡಿಯುವ ಬಗೆ

ಸೆಲ್ಫನ್ನು, ಅಂದರೆ ಎಂಜಿನ್ ತಿರುಗಿಸಿ ಚಾಲೂ ಮಾಡುವ ಸ್ಟಾರ್ಟರ್ ಮೋಟಾರನ್ನು, ಗೋಣಿಚೀಲದಲ್ಲಿ ಸುತ್ತಿ, ಬೈಕಿನ ಹಿಂದೆ ಕಟ್ಟಿಕೊಂಡು ಬರುತ್ತಾರೆ. “ಅಣ್ಣಾ, ಸೆಲ್ಫ್ ಹೋಗ್ಯದ. ಹೊಸಾ ಆರ್ಮೇಚರ್ ಹಾಕಿ ಕೊಡ್ರಿ.” ಆರ್ಮೇಚರ್ ಎಂದರೆ ಸೆಲ್ಫಿನೊಳಗೆ ತಿರುಗುವ, ತಾಮ್ರ ಸುತ್ತಿದ ಭಾಗ. ನಾನು ಸೆಲ್ಫನ್ನು ವೈಸಿಗೆ ಬಿಗಿದು ದಪ್ಪ ಕೇಬಲ್ಲಿನಿಂದ ಬ್ಯಾಟರಿ ಮುಟ್ಟಿಸುತ್ತೇನೆ. ಗುರ್ರೆಂದು ತಿರುಗುತ್ತದೆ. ತಂದವರ ಮುಖದಲ್ಲಿ ಖುಷಿಗಿಂತ ಗೊಂದಲವೇ ಹೆಚ್ಚು. “ಮತ್ ಗಾಡ್ಯಾಗ ಯಾಕ ತಿರಗಂಗಿಲ್ರಿ?” ಅದಕ್ಕೆ ನನ್ನ ಉತ್ತರ ಒಂದೇ: ಸೆಲ್ಫ್ ವಾಪಸ್ ಗಾಡಿಗೆ ಕಟ್ಟಿ, ಆಮೇಲೆ ಮೀಟರ್ ಹಿಡಿದು ನೋಡೋಣ.

ಕಲಬುರಗಿ ಜಿಲ್ಲೆಯ ಅಫಜಲಪುರದಲ್ಲಿ ನಾನು ಈ ಕೆಲಸಕ್ಕೆ ಕೂತು ಇಪ್ಪತ್ತೆರಡು ವರ್ಷವಾಯಿತು. ಭೀಮಾ ದಂಡೆಯ ಕಬ್ಬಿನ ಊರುಗಳಿಂದ, ಎರೆ ಹೊಲದ ತೊಗರಿ ಊರುಗಳಿಂದ ಹಳೆ ಗಾಡಿಗಳು ಬರುತ್ತವೆ. ಮ್ಯಾಸಿ 1035, ಎಚ್‌ಎಂಟಿ 2511, ಇಂಟರ್‌ನ್ಯಾಷನಲ್ ಬಿ-275, ಫೋರ್ಡ್ 3600. ಎಂಜಿನ್ನು ಇನ್ನೂ ಗಟ್ಟಿ, ಗೇರು ಗಟ್ಟಿ. ವೈರಿಂಗ್ ಮಾತ್ರ ಹತ್ತು ಕೈ ದಾಟಿ, ಯಾವ ತಂತಿ ಎಲ್ಲಿಗೆ ಹೋಗುತ್ತದೆಂದು ಮಾಲೀಕರಿಗೇ ತಿಳಿಯದ ಹಾಗೆ ಆಗಿರುತ್ತದೆ. ಈ ಗಾಡಿ ಇಟ್ಟುಕೊಂಡವರು ತಮ್ಮ ಕೈಯಿಂದಲೇ ನೋಡಿಕೊಳ್ಳಬಹುದಾದಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ಮಾತು. ಇವು ಡೀಸೆಲ್ ಗಾಡಿ. ಬೈಕಿನ ಹಾಗೆ ಸ್ಪಾರ್ಕ್ ಪ್ಲಗ್ ಇಲ್ಲ, ಕಾಯಿಲ್ ಇಲ್ಲ. ಪಿಸ್ಟನ್ ಗಾಳಿಯನ್ನು ಒತ್ತಿದಾಗ ಹುಟ್ಟುವ ಶಾಖಕ್ಕೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಹಾಗಾಗಿ ಕರೆಂಟಿಗೆ ಇಲ್ಲಿ ಇರುವ ಕೆಲಸ ಮೂರೇ: ಎಂಜಿನ್ ತಿರುಗಿಸುವುದು, ಚಳಿಯಲ್ಲಿ ಗಾಳಿ ಬಿಸಿ ಮಾಡುವುದು, ದೀಪ ಉರಿಸುವುದು. ಬಂದ್ ಮಾಡುವುದು ಕೂಡ ಕೀಲಿಯಿಂದಲ್ಲ, ಡೀಸೆಲ್ ಪಂಪಿನ ಸ್ಟಾಪ್ ಎಳೆದು. ಆದರೆ ತಿರುಗಿಸುವ ವೇಗ ಸಾಲದಿದ್ದರೆ ಆ ಶಾಖ ಹುಟ್ಟುವುದಿಲ್ಲ. ಸೆಲ್ಫ್ ತಿರುಗುತ್ತದೆ, ಸೈಲೆನ್ಸರಿನಿಂದ ಬಿಳಿ ಹೊಗೆ ಬರುತ್ತದೆ, ಗಾಡಿ ಮಾತ್ರ ಹಿಡಿಯುವುದಿಲ್ಲ ಎಂದರೆ ಎಷ್ಟೋ ಸಲ ತಪ್ಪು ಪಂಪಿನದಲ್ಲ, ತಿರುಗುವ ವೇಗದ್ದು.

2003ರ ಮಿರಗ

ಈ ಪಾಠ ನಾನು ಕಲಿತದ್ದು ನಮ್ಮ ಅಪ್ಪನ ಮ್ಯಾಸಿಯಿಂದ. 1982ರ ಗಾಡಿ. ಆ ವರ್ಷ ಮಿರಗ, ಅಂದರೆ ಮೃಗಶಿರಾ ಮಳೆ, ಹೊಕ್ಕ ಎರಡನೇ ದಿನಕ್ಕೇ ಒಳ್ಳೆ ಮಳೆಯಾಯಿತು. ಹೊಲ ಹದಕ್ಕೆ ಬಂತು, ಕೂರಿಗೆ ಹೂಡಬೇಕು ಅನ್ನುವಾಗ ಸೆಲ್ಫ್ ‘ಟಕ್’ ಎಂದು ಸುಮ್ಮನಾಯಿತು. ಕಲಬುರಗಿಗೆ ಒಯ್ದೆವು. ಅಂಗಡಿಯವರು ಬ್ಯಾಟರಿ ಹೋಗಿದೆ ಎಂದರು, ಹೊಸದು ಹಾಕಿದರು. ಊರಿಗೆ ಬಂದು ಎರಡು ಸಲ ಚಾಲೂ ಆಗಿ ಮತ್ತೆ ಅದೇ ಟಕ್. ಮತ್ತೆ ಒಯ್ದರೆ ಸೆಲ್ಫ್ ಹೋಗಿದೆ ಎಂದರು, ಆರ್ಮೇಚರ್ ಬದಲಾಯಿಸಿದರು. ತೊಗರಿ ಬಿತ್ತುವ ಮುಂದೆ ಅಪ್ಪ ಸಾಲ ಮಾಡಿ ಆ ರೊಕ್ಕ ಕೊಟ್ಟ. ನಾಲ್ಕು ದಿನ ಹೋಯಿತು. “ಹಸಿ ಆರ್ಲತ್ತದ ಮಗಾ, ಲಗೂನ ನೋಡು” ಅಂತ ಹೊಲದ ಬದುವಿನ ಮೇಲೆ ನಿಂತು ಅಪ್ಪ ಹೇಳಿದ್ದು ಇನ್ನೂ ಕಿವಿಯಲ್ಲಿದೆ.

ಕೊನೆಗೆ ಊರಿಗೆ ಬಂದವರು ನನ್ನ ಉಸ್ತಾದರು. ಆಗ ನಾನಿನ್ನೂ ಅವರ ಕೈಕೆಳಗೆ ಪಾನಾ ಕೊಡುವ ಹುಡುಗ. ಅವರು ಸೆಲ್ಫ್ ಮುಟ್ಟಲಿಲ್ಲ. ನನ್ನ ಕಡೆಯಿಂದ ಹತ್ತು ಸೆಕೆಂಡ್ ಸೆಲ್ಫ್ ಹೊಡೆಸಿ, ಬ್ಯಾಟರಿಯಿಂದ ಹೊರಟ ಒಂದೊಂದೇ ಜೋಡಣೆಯ ಮೇಲೆ ಬೆರಳಿಟ್ಟು ನೋಡುತ್ತ ಹೋದರು. ಬ್ಯಾಟರಿಯ ಒಂದು ಕಂಬವನ್ನು ಗಾಡಿಯ ಬಾಡಿಗೆ ಕೂಡಿಸುವ ಅರ್ಥಿಂಗ್ ಪಟ್ಟಿಯ ಬೋಲ್ಟಿನ ಹತ್ತಿರ ಬೆರಳು ಚಟ್ಟನೆ ಹಿಂದಕ್ಕೆ ಬಂತು. ಬೋಲ್ಟ್ ಬಿಚ್ಚಿದರೆ ಪಟ್ಟಿಯ ಕೆಳಗೆ ಕೆಂಪು ಬಣ್ಣ. ಹಿಂದಿನ ವರ್ಷ ಗಾಡಿಗೆ ಪೇಂಟ್ ಹೊಡೆಸಿದ್ದೆವು. ಹೊಡೆದವರು ಬಾಡಿಯ ಮೇಲೆ ಬಣ್ಣ ಬಳಿದು ಅದರ ಮೇಲೇ ಪಟ್ಟಿ ಬಿಗಿದಿದ್ದರು. ಬೋಲ್ಟಿನ ಎಳೆಗಳ ಮೂಲಕ ಮಾತ್ರ ಕರೆಂಟ್ ಹೋಗುತ್ತಿತ್ತು, ಎಳೆಗೆ ತುಕ್ಕು ಹಿಡಿದ ಮೇಲೆ ಅದೂ ತೀರ ಕಡಿಮೆಯಾಗಿತ್ತು. ಉಸ್ತಾದರು ಹಳೆ ಕಾನಸಿನಿಂದ ರೂಪಾಯಿ ನಾಣ್ಯದಷ್ಟು ಜಾಗವನ್ನು ಬೆಳ್ಳಗೆ ಉಜ್ಜಿದರು. ಪಟ್ಟಿಯ ತುದಿಯ ಲಗ್ (ಬೋಲ್ಟಿಗೆ ಕೂಡುವ ಬಳೆ) ಉಜ್ಜಿದರು. ಬಿಗಿದರು. ಗಾಡಿ ಅರ್ಧ ಸುತ್ತಿಗೇ ಹಿಡಿಯಿತು. “ಮೊದ್ಲ ಅರ್ಥಿಂಗ್ ನೋಡು, ಆಮ್ಯಾಲ ಪಾನಾ ಹಿಡಿ” ಅಂದರು. ಬ್ಯಾಟರಿಯೂ ಚೆನ್ನಾಗಿತ್ತು, ಸೆಲ್ಫೂ ಚೆನ್ನಾಗಿತ್ತು. ಕೊಟ್ಟ ರೊಕ್ಕ ಪೂರಾ ನೀರಿಗೆ ಹೋಯಿತು.

ಟೆಸ್ಟ್ ಲ್ಯಾಂಪ್ ಯಾಕೆ ಮೋಸ ಮಾಡುತ್ತದೆ

ಆ ಅಂಗಡಿಯಲ್ಲೂ ಟೆಸ್ಟ್ ಲ್ಯಾಂಪ್, ಅಂದರೆ ಎರಡು ತಂತಿ ಕಟ್ಟಿದ ಸಣ್ಣ ಬಲ್ಬು, ಹಿಡಿದೇ ನೋಡಿದ್ದರು. ಬಲ್ಬು ಝಗ್ ಎಂದು ಉರಿದಿತ್ತು. ಇಲ್ಲೇ ಮೋಸ ಇರುವುದು. 5 ವ್ಯಾಟಿನ ಬಲ್ಬು ಎಳೆಯುವುದು ಅರ್ಧ ಆಂಪಿಯರಿಗೂ ಕಡಿಮೆ. ಡೀಸೆಲ್ ಎಂಜಿನ್ ತಿರುಗಿಸುವ ಸೆಲ್ಫ್ ಎಳೆಯುವುದು ನೂರಾರು ಆಂಪಿಯರ್. 300 ಎಂದೇ ಲೆಕ್ಕ ಹಿಡಿಯಿರಿ. ತುಕ್ಕು ಹಿಡಿದ ಜೋಡಣೆಯಲ್ಲಿ ಒಂದು ಓಮಿನ ನೂರರಲ್ಲಿ ಒಂದು ಪಾಲು ಅಡ್ಡಿ ಇದ್ದರೂ ಸಾಕು, 300 ಆಂಪಿಯರ್ ಹರಿಯುವಾಗ ಅಲ್ಲಿ 3 ವೋಲ್ಟ್ ಸತ್ತುಹೋಗುತ್ತದೆ. ಅದೇ ಜೋಡಣೆಯ ಮೂಲಕ ಬಲ್ಬು ಉರಿಸಿದರೆ ವೋಲ್ಟಿನ ಸಾವಿರದಲ್ಲಿ ಐದು ಪಾಲೂ ಕಡಿಮೆಯಾಗುವುದಿಲ್ಲ. ಸಣ್ಣ ಕಾಲುವೆಯಲ್ಲಿ ಕಲ್ಲು ಬಿದ್ದಿದ್ದರೂ ಚೊಂಬು ನೀರು ಹರಿಯುತ್ತದೆ. ಮಳೆಗಾಲದ ಹೊಳೆ ಬಂದಾಗಲೇ ಅದು ಕಟ್ಟಿಕೊಂಡದ್ದು ಗೊತ್ತಾಗುವುದು. ಹಾಗಾಗಿ ಸೆಲ್ಫಿನ ದಾರಿಯನ್ನು ಸೆಲ್ಫ್ ತಿರುಗುತ್ತಿರುವಾಗಲೇ ಅಳೆಯಬೇಕು. ಬೇರೆ ದಾರಿ ಇಲ್ಲ.

ಇದಕ್ಕೆ ಸಾದಾ ಡಿಜಿಟಲ್ ಮೀಟರ್ ಸಾಕು. ಡಿಸಿ 20 ವೋಲ್ಟಿಗೆ ಇಟ್ಟುಕೊಳ್ಳಿ. ಗಾಡಿ ನ್ಯೂಟ್ರಲ್, ಹ್ಯಾಂಡ್ ಬ್ರೇಕ್, ಹಿಂದಿನ ಗಾಲಿಗೆ ಕಲ್ಲು. ಎಂಜಿನ್ ಹಿಡಿಯದಂತೆ ಸ್ಟಾಪ್ ಎಳೆದು ಕಟ್ಟಿಬಿಡಿ. ಒಬ್ಬರು ಕೀಲಿ ಹತ್ತಿರ, ಒಬ್ಬರು ಮೀಟರ್ ಹತ್ತಿರ.

ರಾತ್ರಿ ಪೂರ್ತಿ ಸುಮ್ಮನೆ ನಿಂತ ಗಾಡಿಯ ಬ್ಯಾಟರಿಯನ್ನು ಬೆಳಿಗ್ಗೆ ಅಳೆದರೆ 12.6 ವೋಲ್ಟ್ ಬರಬೇಕು. 12.2 ಬಂದರೆ ಅರ್ಧ ಖಾಲಿ ಎಂದರ್ಥ. 12.0ಕ್ಕೆ ಇಳಿದಿದ್ದರೆ ಮೊದಲು ಚಾರ್ಜಿಗೆ ಹಾಕಿ. ಸತ್ತ ಬ್ಯಾಟರಿ ಇಟ್ಟುಕೊಂಡು ಮುಂದಿನ ಅಳತೆ ಮಾಡಿ ಉಪಯೋಗವಿಲ್ಲ.

ಈಗ ಮೀಟರಿನ ಎರಡೂ ಮೊನೆಗಳನ್ನು ಬ್ಯಾಟರಿಯ ಸೀಸದ ಕಂಬಗಳಿಗೇ ಒತ್ತಿ ಹಿಡಿಯಿರಿ, ಕ್ಲಾಂಪಿಗಲ್ಲ. ಸೆಲ್ಫ್ ಹೊಡೆಸಿ. 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಸೋತಿದೆ, ಇಲ್ಲವೇ ಸೆಲ್ಫ್ ಒಳಗೆ ಜಾಮಾಗಿ ಮಿತಿಮೀರಿ ಎಳೆಯುತ್ತಿದೆ. ಆದರೆ 11 ವೋಲ್ಟ್ ನಿಂತಿದೆ, ಸೆಲ್ಫ್ ಮಾತ್ರ ನಿಧಾನ, ಇಲ್ಲವೇ ತಿರುಗುತ್ತಲೇ ಇಲ್ಲ ಅಂದರೆ ಕಳ್ಳ ದಾರಿಯಲ್ಲಿದ್ದಾನೆ.

ದಾರಿ ಅಳೆಯುವುದು ಹೀಗೆ. ಮೈನಸ್ ಅರ್ಥಿಂಗ್ ಇರುವ (ಬ್ಯಾಟರಿಯ ಮೈನಸ್ ಬಾಡಿಗೆ ಕೂಡಿದ) ಗಾಡಿಯಾದರೆ ಮೀಟರಿನ ಒಂದು ಮೊನೆ ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದು ಸೆಲ್ಫಿನ ಬಾಡಿಯ ಮೇಲೆ, ಬಣ್ಣವಿಲ್ಲದ ಜಾಗಕ್ಕೆ. ಸೆಲ್ಫ್ ಹೊಡೆಸಿ. 0.2, ಹೆಚ್ಚೆಂದರೆ 0.3 ವೋಲ್ಟ್ ತೋರಿಸಬೇಕು. ಅಪ್ಪನ ಗಾಡಿಯಂಥ ಕೇಸಿನಲ್ಲಿ ಇಲ್ಲಿ 2, 3 ವೋಲ್ಟ್ ಬರುತ್ತದೆ. ಆಮೇಲೆ ಪ್ಲಸ್ ಕಂಬದಿಂದ ಸೆಲ್ಫಿನ ದೊಡ್ಡ ಬೋಲ್ಟಿಗೆ. ಇಲ್ಲಿ ಅರ್ಧ ವೋಲ್ಟಿನ ಒಳಗಿರಬೇಕು. ಹೆಚ್ಚು ಬಂದ ಕಡೆ ಒಂದೊಂದೇ ಹೆಜ್ಜೆ ಇಡುತ್ತ ಹೋಗಿ: ಕಂಬದಿಂದ ಕ್ಲಾಂಪು, ಕ್ಲಾಂಪಿನಿಂದ ಕೇಬಲ್ಲು, ಕೇಬಲ್ಲಿನಿಂದ ಸೊಲೆನಾಯ್ಡಿನ (ಕೀಲಿ ತಿರುಗಿಸಿದಾಗ ಸೆಲ್ಫಿಗೆ ದೊಡ್ಡ ಕರೆಂಟ್ ಕೂಡಿಸುವ ಸ್ವಿಚ್ಚಿನ) ಒಂದು ಬೋಲ್ಟು, ಒಂದು ಬೋಲ್ಟಿನಿಂದ ಇನ್ನೊಂದು ಬೋಲ್ಟು. ಯಾವ ಎರಡು ಬಿಂದುಗಳ ನಡುವೆ ಅಂಕಿ ಜಿಗಿಯುತ್ತದೋ ಅಲ್ಲೇ ರೋಗ. ಪ್ಲಸ್ ಅರ್ಥಿಂಗ್ ಗಾಡಿಯಾದರೆ ಹೆಸರು ಅದಲುಬದಲು, ಲೆಕ್ಕ ಅದೇ.

ಹತ್ತು ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಸಬೇಡಿ, ನಡುವೆ ಒಂದೆರಡು ನಿಮಿಷ ಬಿಡಿ. ಸೆಲ್ಫಿಗೆ ಗಾಳಿ ಆಡುವ ಫ್ಯಾನ್ ಇಲ್ಲ, ಒಳಗಿನ ಶಾಖ ಒಳಗೇ ಉಳಿಯುತ್ತದೆ.

ಮೀಟರ್ ಇಲ್ಲದಿದ್ದರೆ ಉಸ್ತಾದರ ಬೆರಳಿನ ವಿದ್ಯೆ ಇದೆ: ಹೊಡೆಸಿದ ಮೇಲೆ ಬಿಸಿಯಾದ ಜೋಡಣೆಯೇ ಕೆಟ್ಟ ಜೋಡಣೆ. ಮೆಲ್ಲಗೆ ಮುಟ್ಟಿ, ಸುಡುತ್ತದೆ. ಇನ್ನೊಂದು, ಹೆಡ್‌ಲೈಟ್ ಹಚ್ಚಿ ಕೀಲಿ ತಿರುಗಿಸಿ. ದೀಪ ಹಾಗೇ ಝಗಝಗ ಇದ್ದು ಸೆಲ್ಫಿನಿಂದ ಸದ್ದೇ ಇಲ್ಲವೆಂದರೆ ಸೆಲ್ಫಿಗೆ ಹುಕುಂ ಮುಟ್ಟುತ್ತಿಲ್ಲ: ಕೀಲಿ ಸ್ವಿಚ್ಚು, ಸೊಲೆನಾಯ್ಡಿಗೆ ಹೋಗುವ ಸಣ್ಣ ವೈರು, ಕೆಲ ಗಾಡಿಗಳಲ್ಲಿ ಗೇರು ನ್ಯೂಟ್ರಲ್‌ನಲ್ಲಿದ್ದರೆ ಮಾತ್ರ ಕೂಡುವ ಸೇಫ್ಟಿ ಸ್ವಿಚ್ಚು, ಇವನ್ನು ನೋಡಿ. ದೀಪ ಸತ್ತಂತಾದರೆ ಬ್ಯಾಟರಿ ಖಾಲಿ, ಇಲ್ಲವೇ ಬ್ಯಾಟರಿಯ ಹತ್ತಿರದ ಜೋಡಣೆ ಸಡಿಲ.

ಒಂದು ಕೈಮುಗಿದು ಹೇಳುವ ಮಾತು

ಸೇಫ್ಟಿ ಸ್ವಿಚ್ಚು ಕೆಟ್ಟರೆ ಅದನ್ನು ರಿಪೇರಿ ಮಾಡಿಸದೆ, ಕೆಳಗೆ ನಿಂತು ಸೊಲೆನಾಯ್ಡಿನ ಎರಡು ಬೋಲ್ಟುಗಳ ನಡುವೆ ಸ್ಕ್ರೂಡ್ರೈವರ್ ಇಟ್ಟು ಚಾಲೂ ಮಾಡುವುದು ಊರೂರಲ್ಲಿ ರೂಢಿಯಾಗಿದೆ. ದಯವಿಟ್ಟು ಬಿಡಿ. ನೀವು ನಿಂತಿರುವುದು ಹಿಂದಿನ ದೊಡ್ಡ ಗಾಲಿಯ ಮುಂದೆ. ಗಾಡಿ ಗೇರಿನಲ್ಲಿದ್ದರೆ ಚಾಲೂ ಆದ ಕ್ಷಣಕ್ಕೇ ಮುಂದೆ ಹೋಗುತ್ತದೆ, ಡೀಸೆಲ್ ಎಂಜಿನ್ ಅಡ್ಡ ಬಂದದ್ದಕ್ಕೆ ನಿಲ್ಲುವುದಿಲ್ಲ. ಸೀಟಿನ ಮೇಲೆ ಕೂತೇ ಚಾಲೂ ಮಾಡಬೇಕು. ಆ ಸ್ವಿಚ್ಚು ತೀರ ಸಣ್ಣ ಸಾಮಾನು. ಅದಕ್ಕೆ ರೊಕ್ಕ ಇಲ್ಲ ಎಂದರೆ ನನ್ನ ಹತ್ತಿರ ಬಂದವರಿಗೆ ಮಜೂರಿ ಇಲ್ಲದೆ ಹಾಕಿ ಕಳಿಸುತ್ತೇನೆ.

ಬ್ಯಾಟರಿ ಬಿಚ್ಚುವಾಗ ಯಾವಾಗಲೂ ಅರ್ಥಿಂಗ್ ಕಡೆಯ ಕ್ಲಾಂಪ್ ಮೊದಲು, ಹಾಕುವಾಗ ಅದೇ ಕೊನೆಗೆ. ಕೈಯ ಕಡಗ, ಉಂಗುರ ತೆಗೆದಿಡಿ. ಚಾರ್ಜಾಗುವ ಬ್ಯಾಟರಿಯಿಂದ ಹೈಡ್ರೋಜನ್ ಹೊರಡುತ್ತದೆ, ಬೀಡಿಯ ಕಿಡಿ ಸಾಕು ಅದು ಸಿಡಿಯಲು. ರಾತ್ರಿ ನೀರಿನ ಮಟ್ಟ ನೋಡಲು ಕಡ್ಡಿ ಗೀರುವವರನ್ನು ನಾನು ಕಂಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಜೋಡಣೆ, ಕೇಬಲ್ಲು, ನೀರು

ಕ್ಲಾಂಪಿನ ಸುತ್ತ ಹಸಿರು-ಬಿಳಿ ಹೂ ಕಟ್ಟಿದ್ದರೆ ಬಿಸಿ ನೀರಿಗೆ ಅಡುಗೆ ಸೋಡಾ ಕದಡಿ ಹಳೆ ಬ್ರಶ್ಶಿನಿಂದ ತೊಳೆಯಿರಿ. ಬುರುಗು ನಿಂತಿತೆಂದರೆ ಆಸಿಡ್ ಹೋಯಿತು. ಸೋಡಾ ನೀರು ಬ್ಯಾಟರಿಯ ಒಳಗೆ ಇಳಿಯದಂತೆ ಮುಚ್ಚಳ ಬಿಗಿಯಾಗಿರಲಿ. ಒಣಗಿದ ಮೇಲೆ ಕಂಬವನ್ನೂ ಕ್ಲಾಂಪಿನ ಒಳಭಾಗವನ್ನೂ ಹೊಳೆಯುವವರೆಗೆ ಉಜ್ಜಿ, ಬಿಗಿದು, ಆಮೇಲೆ ಮೇಲಿನಿಂದ ವ್ಯಾಸಲೀನ್ ಬಳಿಯಿರಿ. ಮೊದಲು ಬಿಗಿಯುವುದು, ಆಮೇಲೆ ಬಳಿಯುವುದು.

ಬ್ಯಾಟರಿಯ ಮೇಲ್ಭಾಗ ಒರೆಸಿಡುವುದೂ ಕೆಲಸವೇ. ರಾಶಿ ಮಾಡುವ ದಿನಗಳಲ್ಲಿ ತೊಗರಿ ಹೊಟ್ಟಿನ ಧೂಳು ಕೂತು, ಅದಕ್ಕೆ ಆಸಿಡ್ಡಿನ ತೇವ ಸೇರಿದರೆ ಆ ಧೂಳೇ ತಂತಿಯಾಗುತ್ತದೆ. ಮೀಟರಿನ ಒಂದು ಮೊನೆ ಮೈನಸ್ ಕಂಬಕ್ಕೆ ಇಟ್ಟು ಇನ್ನೊಂದನ್ನು ಡಬ್ಬಿಯ ಮೇಲಿನ ಧೂಳಿನ ಮೇಲೆ ಸುಮ್ಮನೆ ಓಡಾಡಿಸಿ. ಬರೀ ಪ್ಲಾಸ್ಟಿಕ್ಕಿನ ಮೇಲೆ 3, 5, 8 ಅಂತ ವೋಲ್ಟ್ ಏರುತ್ತ ಹೋಗುವುದು ಕಾಣುತ್ತದೆ. ಹೊಲದ ಕೆಲಸ ಇಲ್ಲದ ತಿಂಗಳುಗಳಲ್ಲಿ ನಿಂತ ಗಾಡಿಯ ಬ್ಯಾಟರಿ ಖಾಲಿಯಾಗಲು ಇದೂ ಒಂದು ಕಾರಣ. ಕಲ್ಲಿನ ಮೇಲೆ ಇಟ್ಟರೆ ಬ್ಯಾಟರಿಯ ಚಾರ್ಜ್ ಸೋರುತ್ತದೆ ಎಂದು ಶಹಾಬಾದ್ ಫರ್ಸಿ ಬಿಟ್ಟು ಹಲಗೆಯ ಮೇಲೆ ಇಡುವವರಿದ್ದಾರೆ. ಈಗಿನ ಪ್ಲಾಸ್ಟಿಕ್ ಡಬ್ಬಿಗೆ ನೆಲದಿಂದ ಏನೂ ಆಗುವುದಿಲ್ಲ. ಸೋರುವುದು ಮೇಲಿನ ಹೊಲಸಿನಿಂದ.

ನಮ್ಮ ಬೇಸಿಗೆ 42, 43 ಡಿಗ್ರಿಯದು. ಮಾರ್ಚಿನಿಂದ ಮಿರಗದವರೆಗೆ ಹದಿನೈದು ದಿನಕ್ಕೊಮ್ಮೆ ಮುಚ್ಚಳ ತೆಗೆದು ನೋಡಿ. ಪ್ಲೇಟಿನ ಮೇಲೆ ಒಂದು ಬೆರಳ ದಪ್ಪ ನೀರು ನಿಲ್ಲಬೇಕು. ಹಾಕುವುದು ಡಿಸ್ಟಿಲ್ಡ್ ವಾಟರ್ ಮಾತ್ರ. ಬೋರಿನ ನೀರು ಕಾಯಿಸಿದ ಪಾತ್ರೆಯ ತಳದಲ್ಲಿ ಕೂರುವ ಬಿಳಿ ಪದರ ನೋಡಿದ್ದೀರಲ್ಲ, ಆ ಲವಣಗಳನ್ನೇ ಬ್ಯಾಟರಿಯೊಳಗೆ ಸುರಿದಂತಾಗುತ್ತದೆ. ಆಸಿಡ್ ಮೇಲಿಂದ ಹಾಕಬೇಡಿ. ಆರಿಹೋಗುವುದು ನೀರು, ಆಸಿಡ್ ಒಳಗೇ ಇರುತ್ತದೆ.

ಕೇಬಲ್ಲಿನ ವಿಷಯದಲ್ಲಿ ಜಿಪುಣತನ ಬೇಡ. ಮೋಟಾರ್ ಪಂಪಿಗೆ ಎಳೆದು ಉಳಿದ ತೆಳು ವೈರನ್ನು ನಾಲ್ಕು ಮಡಚಿ ಸೆಲ್ಫಿಗೆ ಕೊಟ್ಟ ಗಾಡಿ ನೋಡಿದ್ದೇನೆ. 50 ಚದರ ಮಿಲಿಮೀಟರಿನ ತಾಮ್ರದ ವೆಲ್ಡಿಂಗ್ ಕೇಬಲ್ ತಂದು, ತಾಮ್ರದ ಲಗ್ಗನ್ನು ಪ್ರೆಸ್ಸಿನಲ್ಲಿ ಒತ್ತಿಸಿ ಹಾಕಿ. ಸುತ್ತಿಗೆಯಿಂದ ಚಪ್ಪಟೆ ಮಾಡಿದ ಲಗ್ ಒಂದು ಮಳೆಗಾಲ ದಾಟುವುದಿಲ್ಲ. ಅರ್ಥಿಂಗ್ ಪಟ್ಟಿಯ ಜೊತೆಗೆ, ಬ್ಯಾಟರಿಯ ಅರ್ಥಿಂಗ್ ಕಂಬದಿಂದ ನೇರವಾಗಿ ಸೆಲ್ಫ್ ಕೂತ ಬೋಲ್ಟಿಗೆ ಇನ್ನೊಂದು ಕೇಬಲ್ ಎಳೆಯುವುದು ನನ್ನ ಪದ್ಧತಿ. ನಲವತ್ತು ವರ್ಷದ ಗಾಡಿಯಲ್ಲಿ ಬಾಡಿಯ ಎಷ್ಟು ಜೋಡಣೆಗಳ ಮೇಲೆ ಭರವಸೆ ಇಡುತ್ತೀರಿ?

ಸೆಲ್ಫ್ ನಿಜವಾಗಿ ಹೋಗಿದ್ದರೆ

ದಾರಿ ಪೂರ್ತಿ ಸರಿಯಿದ್ದು, ಬೋಲ್ಟಿಗೆ 10 ವೋಲ್ಟ್ ಮುಟ್ಟುತ್ತಿದ್ದೂ ತಿರುಗದಿದ್ದರೆ ಆಗ ಬಿಚ್ಚಿ. ಹಿಂದಿನ ಪಟ್ಟಿ ಸರಿಸಿದರೆ ಕಾರ್ಬನ್ ಬ್ರಶ್ ಕಾಣುತ್ತವೆ. ಸವೆದು ಗಿಡ್ಡವಾಗಿದ್ದರೆ, ಸ್ಪ್ರಿಂಗ್ ಅದನ್ನು ಒತ್ತದೆ ಹೋಲ್ಡರಿಗೇ ಆತು ನಿಂತಿದ್ದರೆ, ನಾಲ್ಕನ್ನೂ ಒಟ್ಟಿಗೇ ಬದಲಾಯಿಸಿ. ಬ್ರಶ್ ಉಜ್ಜುವ ತಾಮ್ರದ ಪಟ್ಟಿಗಳ ಉರುಳೆ, ಅಂದರೆ ಕಮ್ಯುಟೇಟರ್, ಕರಿಹಿಡಿದಿದ್ದರೆ ನುಣುಪಾದ ಗ್ಲಾಸ್ ಪೇಪರಿನಿಂದ ಉಜ್ಜಿ. ಎಮರಿ ಬೇಡ, ಅದರ ಪುಡಿ ತಾಮ್ರದ ಸಂದಿಯಲ್ಲಿ ಕೂತು ಶಾರ್ಟ್ ಮಾಡುತ್ತದೆ.

ಇಲ್ಲಿ ಒಂದು ತಪ್ಪು ಪದೇಪದೇ ಆಗುತ್ತದೆ. ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಡೈನಮೋದ ಆರ್ಮೇಚರಿನಲ್ಲಿ ತಾಮ್ರದ ಪಟ್ಟಿಗಳ ನಡುವಿನ ಅಭ್ರಕವನ್ನು ಗರಗಸದ ಬ್ಲೇಡಿನ ತುಂಡಿನಿಂದ ಅರ್ಧ ಮಿಲಿಮೀಟರ್‌ಗಿಂತ ತುಸು ಹೆಚ್ಚು ತಗ್ಗಿಸಬೇಕು. ಅದು ಸರಿ. ಆದರೆ ಹಳೆ ಲೂಕಾಸ್ ಕಂಪನಿ ಮಾದರಿಯ ಸೆಲ್ಫಿನ ಆರ್ಮೇಚರಿನಲ್ಲಿ ಹಾಗೆ ಮಾಡಬಾರದು. ಸೆಲ್ಫಿನ ಬ್ರಶ್ಶಿನಲ್ಲಿ ತಾಮ್ರ ಹೆಚ್ಚು. ತಗ್ಗಿಸಿದ ಸಂದಿಯಲ್ಲಿ ಆ ಪುಡಿ ತುಂಬಿಕೊಂಡು ಪಟ್ಟಿಗೆ ಪಟ್ಟಿ ಕೂಡುತ್ತದೆ. ಕಟ್ಟುವವರು ಡೈನಮೋದ ಅಭ್ಯಾಸದಲ್ಲಿ ಸೆಲ್ಫನ್ನೂ ಕೆರೆದುಬಿಡುತ್ತಾರೆ. ಕೊಡುವಾಗಲೇ ಹೇಳಿ ಕೊಡಿ.

ಆರ್ಮೇಚರಿನ ದಂಡ ಕೂತು ತಿರುಗುವ ಬುಷ್ ಸವೆದರೆ ಆರ್ಮೇಚರ್ ಒಂದು ಕಡೆ ವಾಲಿ ಒಳಗಿನ ಕಬ್ಬಿಣಕ್ಕೆ ಉಜ್ಜುತ್ತದೆ. ಹೊಳೆಯುವ ಗೆರೆ ಕಂಡರೆ ಬುಷ್ ಬದಲಾಯಿಸಲೇಬೇಕು, ಬರೀ ಬ್ರಶ್ ಹಾಕಿದರೆ ಎಂಟು ದಿನಕ್ಕೆ ವಾಪಸ್. ವೈಸಿನಲ್ಲಿ ಪರೀಕ್ಷೆ ಮಾಡುವಾಗ ಗಟ್ಟಿ ಬಿಗಿದು ಒಂದೆರಡು ಸೆಕೆಂಡ್ ಮಾತ್ರ ತಿರುಗಿಸಿ. ಭಾರವಿಲ್ಲದೆ ಬಿಟ್ಟರೆ ಅದರ ವೇಗ ಏರುತ್ತಲೇ ಹೋಗುತ್ತದೆ.

ಚಾರ್ಜಿಂಗು: ಡೈನಮೋ ಮತ್ತು ಕಟೌಟು

ಹಳೆ ಡೈನಮೋ ಕೊಡುವುದು 20, 22 ಆಂಪಿಯರ್, ಅದೂ ಎಂಜಿನ್ ವೇಗ ಬಂದಾಗ. ಐಡಲಿನಲ್ಲಿ ಆಂಪಿಯರ್ ಮೀಟರಿನ ಮುಳ್ಳು ಮೈನಸ್ ಕಡೆ ವಾಲುವುದು ಸಹಜ, ಗಾಬರಿ ಬೇಡ. ವೇಗ ಕೊಟ್ಟಾಗ ಬ್ಯಾಟರಿಯ ಮೇಲೆ 13.8ರಿಂದ 14.4 ವೋಲ್ಟ್ ಸಿಗಬೇಕು. ಸಿಗದಿದ್ದರೆ ಮೊದಲು ಬೆಲ್ಟು ಒತ್ತಿ ನೋಡಿ, ಹೆಬ್ಬೆರಳಿಗೆ ಅರ್ಧ ಇಂಚು ಬಾಗಬೇಕು.

ಆಮೇಲೆ ತಪ್ಪು ಡೈನಮೋದ್ದೋ, ಅದನ್ನು ಬ್ಯಾಟರಿಗೆ ಕೂಡಿಸಿ ಬಿಡಿಸುವ ಡಬ್ಬಿ ಕಟೌಟಿನದೋ ಎಂದು ಬೇರ್ಪಡಿಸುವುದು. ಡೈನಮೋಗೆ ಎರಡು ವೈರು: ದೊಡ್ಡದು ಡಿ, ಸಣ್ಣದು ಎಫ್. ಮೂಲ ವೈರಿಂಗ್ ಉಳಿದಿದ್ದರೆ ಕಂದು-ಹಳದಿ ಡಿಗೆ, ಕಂದು-ಹಸಿರು ಎಫ್‌ಗೆ. ಎರಡನ್ನೂ ಬಿಚ್ಚಿ, ಡೈನಮೋದ ಎರಡು ಬೋಲ್ಟುಗಳನ್ನು ತುಂಡು ತಂತಿಯಿಂದ ಜೋಡಿಸಿ, ಮೀಟರಿನ ಒಂದು ಮೊನೆ ಅಲ್ಲಿಗೆ, ಇನ್ನೊಂದು ಬಾಡಿಗೆ. ಚಾಲೂ ಮಾಡಿ ಮೆಲ್ಲಗೆ ವೇಗ ಏರಿಸಿ. ವೋಲ್ಟ್ ಸರಸರ ಏರಿ 20 ಮುಟ್ಟಿದರೆ ಡೈನಮೋ ಚೆನ್ನಾಗಿದೆ, ಅಲ್ಲೇ ನಿಲ್ಲಿಸಿ. ಹೆಚ್ಚು ಓಡಿಸಿದರೆ ಒಳಗಿನ ಸುತ್ತು ಸುಡುತ್ತದೆ. ಡೈನಮೋ ಒಳ್ಳೆಯದಾಗಿದ್ದೂ ಚಾರ್ಜ್ ಇಲ್ಲವೆಂದರೆ ಕಟೌಟ್ ಡಬ್ಬಿ, ಅದರ ಅರ್ಥಿಂಗ್ ವೈರು, ಇಲ್ಲವೇ ನಡುವಿನ ತಂತಿ.

ಎರಡು ಮೂರು ವೋಲ್ಟಿಗಿಂತ ಮೇಲೆ ಏಳದೆ ನಿಂತರೆ ಫೀಲ್ಡ್, ಅಂದರೆ ಒಳಗೆ ಅಯಸ್ಕಾಂತ ಹುಟ್ಟಿಸುವ ತಂತಿಯ ಸುತ್ತು, ನೋಡಬೇಕು. ಸೊನ್ನೆಯಲ್ಲೇ ನಿಂತಿದ್ದರೆ, ಬಹಳ ದಿನ ನಿಂತ ಗಾಡಿಯ ಡೈನಮೋ ತನ್ನ ಒಳಗಿನ ಅಯಸ್ಕಾಂತ ಕಳೆದುಕೊಂಡಿರಬಹುದು. ಡೈನಮೋ ಹುಟ್ಟಿಸುವ ಕರೆಂಟಿನ ಬೀಜವೇ ಕಬ್ಬಿಣದಲ್ಲಿ ಉಳಿದ ಆ ಚೂರು ಅಯಸ್ಕಾಂತ. ಅದನ್ನು ಎಬ್ಬಿಸಲು ಎರಡೂ ವೈರು ಬಿಚ್ಚಿಟ್ಟು, ಬ್ಯಾಟರಿಯ ಅರ್ಥಿಂಗ್ ಅಲ್ಲದ ಕಂಬದಿಂದ ಒಂದು ತಂತಿ ತಂದು ಡೈನಮೋದ ಎಫ್ ಬೋಲ್ಟಿಗೆ ಚಟ್ ಚಟ್ ಎಂದು ಎರಡು ಮೂರು ಸಲ ಮುಟ್ಟಿಸಿ. ಸಣ್ಣ ಕಿಡಿ ಬರುತ್ತದೆ. ಅಷ್ಟೇ. ಬೇರೆ ಡೈನಮೋ ತಂದು ಹಾಕಿದಾಗಲೂ, ಅರ್ಥಿಂಗ್ ಪ್ಲಸ್ಸಿನಿಂದ ಮೈನಸ್ಸಿಗೆ ಬದಲಾಯಿಸಿದಾಗಲೂ ಇದನ್ನು ಮಾಡಲೇಬೇಕು. ಹಿಂದಿನ ಬುಷ್ಷಿನ ಹತ್ತಿರ ಎಣ್ಣೆ ತೂತಿದೆ, ತಿಂಗಳಿಗೆ ಎರಡು ಹನಿ ಎಂಜಿನ್ ಆಯಿಲ್ ಸಾಕು. ಸುರಿದರೆ ಬ್ರಶ್ಶಿಗೆ ಹೋಗುತ್ತದೆ.

ಗಾಡಿ ಬಂದ್ ಮಾಡಿದ ಮೇಲೂ ಮುಳ್ಳು ಪೂರಾ ಮೈನಸ್ಸಿಗೆ ಬಿದ್ದು, ವೈರು ಸುಟ್ಟ ವಾಸನೆ ಬಂದರೆ ತಡಮಾಡದೆ ಬ್ಯಾಟರಿ ಬಿಚ್ಚಿ. ಕಟೌಟಿನ ಪಾಯಿಂಟು ಅಂಟಿಕೊಂಡಿದೆ, ಬ್ಯಾಟರಿಯೇ ಡೈನಮೋವನ್ನು ತಿರುಗಿಸಲು ಹೊರಟಿದೆ.

ಡೈನಮೋದ ಬದಲು ಹೊಸ ಬಗೆಯ ಚಾರ್ಜಿಂಗ್ ಯಂತ್ರ, ಆಲ್ಟರ್‌ನೇಟರ್, ಹಾಕಿಸಲೇ ಎಂದು ಕೇಳುತ್ತಾರೆ. ರಾತ್ರಿ ದುಡಿಯುವ ಗಾಡಿಗೆ ಹಾಕಿಸಿ ಎನ್ನುತ್ತೇನೆ, ಡೈನಮೋವನ್ನು ಮಾತ್ರ ಮಾರಬೇಡಿ, ಎಣ್ಣೆ ಹಚ್ಚಿ ಎತ್ತಿಡಿ. ಹಾಕಿಸುವಾಗ ಅರ್ಥಿಂಗ್ ಮೈನಸ್ ಇರಬೇಕು, ಹಳೆ ಕಟೌಟ್ ತೆಗೆಯಬೇಕು, ಚಾರ್ಜಿಂಗ್ ವೈರು ದಪ್ಪವಾಗಬೇಕು. ಬ್ಯಾಟರಿ ಉಲ್ಟಾ ಮುಟ್ಟಿದರೆ ಆ ಕ್ಷಣವೇ ಡಯೋಡ್ ಹೋಗುತ್ತವೆ. ಗಾಡಿ ಓಡುವಾಗ ಬ್ಯಾಟರಿ ಕ್ಲಾಂಪ್ ತೆಗೆದು ಚಾರ್ಜ್ ಪರೀಕ್ಷೆ ಮಾಡುವ ಹಳೆ ಚಟವನ್ನೂ ಅಂದೇ ಬಿಡಬೇಕು.

ಹೀಟರು

ನಮ್ಮ ಕಡೆ ಇದರ ಕೆಲಸ ಪುಷ್ಯ ಮಾಸದ ಬೆಳಗಿಗೆ ಮಾತ್ರ. ಮ್ಯಾಸಿಯಲ್ಲಿ ಗಾಳಿ ಹೋಗುವ ಪೈಪಿನಲ್ಲಿ ಥರ್ಮೋಸ್ಟಾರ್ಟ್ ಕೂತಿರುತ್ತದೆ: ತಂತಿ ಕೆಂಪಾಗಿ, ಹನಿ ಡೀಸೆಲ್ ಬಿದ್ದು ಒಳಗೇ ಉರಿ ಏಳುತ್ತದೆ. 15, 20 ಸೆಕೆಂಡ್ ಹಿಡಿದು ಆಮೇಲೆ ಸೆಲ್ಫ್ ಹೊಡೆಯಿರಿ. ಇದಿರುವ ಗಾಡಿಗೆ ಗಾಳಿಯ ದಾರಿಯಲ್ಲಿ ಈಥರ್ ಸ್ಪ್ರೇ ಹೊಡೆದರೆ ಮುಖದ ಮೇಲೆ ಸಿಡಿಯುತ್ತದೆ. ಬಿ-275ರಲ್ಲಿ ಸಿಲಿಂಡರಿಗೊಂದು ಹೀಟರ್ ಪ್ಲಗ್. ಎರಡು ಬೋಲ್ಟಿನ ಹಳೆ ಪ್ಲಗ್ಗುಗಳಾದರೆ ಒಂದರ ಹಿಂದೆ ಒಂದು ಜೋಡಿಸಿರುತ್ತವೆ, ಜಾತ್ರೆಯ ಸೀರಿಯಲ್ ಸೆಟ್ಟಿನ ಹಾಗೆ. ಒಂದು ಸುಟ್ಟರೆ ನಾಲ್ಕೂ ಬಂದ್. ಬೇಸಿಗೆಯಲ್ಲೂ ಹೀಟರ್ ಇಲ್ಲದೆ ಗಾಡಿ ಹಿಡಿಯದಿದ್ದರೆ ಹೀಟರ್ ಬಿಟ್ಟು ಕಂಪ್ರೆಶನ್ (ಪಿಸ್ಟನ್ ಗಾಳಿ ಒತ್ತುವ ಬಲ) ನೋಡಿಸಿ.

ಟ್ರಾಲಿಯ ಹಿಂದಿನ ದೀಪ

ಇದನ್ನು ಕೊನೆಗೆ ಬರೆದರೂ ನನ್ನ ಮನಸ್ಸಿನಲ್ಲಿ ಇದಕ್ಕೇ ಮೊದಲ ಜಾಗ. ಕಬ್ಬಿನ ಹಂಗಾಮಿನಲ್ಲಿ ರಾತ್ರಿಯಿಡೀ ಟ್ರಾಲಿಗಳು ಓಡುತ್ತವೆ. ಲೋಡಿನ ಹಿಂದೆ ದೀಪವಿಲ್ಲ, ಬೈಕಿನವರಿಗೆ ಕಾಣುವುದು ಗೋಡೆಯಂಥ ಕತ್ತಲೆ. ನಮ್ಮ ಓಣಿಯ ಒಬ್ಬ ಹುಡುಗ ಹಾಗೇ ಹೋದ. ಅಂದಿನಿಂದ ಯಾವ ಗಾಡಿ ಯಾವ ಕೆಲಸಕ್ಕೆ ಬಂದರೂ ಟ್ರಾಲಿಯ ದೀಪ ನೋಡದೆ ನಾನು ಬಿಡುವುದಿಲ್ಲ.

ದೀಪ ಮಿಣುಕುವುದಕ್ಕೆ, ನಿಂತಾಗ ಉರಿದು ಓಡುವಾಗ ಆರುವುದಕ್ಕೆ ಕಾರಣ ಹೆಚ್ಚಾಗಿ ಒಂದೇ: ಟ್ರಾಲಿಯ ಅರ್ಥಿಂಗ್ ಹುಕ್ಕಿನ ಪಿನ್ನಿನ ಮೂಲಕ ಬರುತ್ತಿರುತ್ತದೆ. ಅಲ್ಲಿ ಗ್ರೀಸು, ತುಕ್ಕು, ಮಣ್ಣು. ಟ್ರ್ಯಾಕ್ಟರಿನಿಂದ ಟ್ರಾಲಿಗೆ ಪ್ರತ್ಯೇಕ ಕಪ್ಪು ವೈರನ್ನು ಪ್ಲಗ್ಗಿನ ಮೂಲಕವೇ ಒಯ್ಯಿರಿ, ಟ್ರಾಲಿಯ ಚಾಸಿಸ್ಸಿನಲ್ಲಿ ಬಣ್ಣ ಉಜ್ಜಿದ ಜಾಗಕ್ಕೆ ಬೋಲ್ಟ್ ಹಾಕಿ ಬಿಗಿಯಿರಿ. ವೈರುಗಳನ್ನು ಪ್ಲಾಸ್ಟಿಕ್ ಪೈಪಿನೊಳಗೆ ತೂರಿಸಿ. ಕಬ್ಬಿನ ಸೋಗೆ ಉಜ್ಜುತ್ತದೆ, ಕೊಟ್ಟಿಗೆಯಲ್ಲಿ ಇಲಿ ಕಡಿಯುತ್ತದೆ. ದೀಪದ ಸಾಲಿಗೆ 10 ಆಂಪಿಯರಿನ ಫ್ಯೂಸ್ ಹಾಕಿ. ಫ್ಯೂಸಿನ ಜಾಗದಲ್ಲಿ ಸಿಗರೇಟಿನ ಬೆಳ್ಳಿ ಕಾಗದ ಸುತ್ತಿದರೆ ಮುಂದಿನ ಸಲ ಸುಡುವುದು ವೈರಿಂಗೇ. ದೀಪವನ್ನು ಲೋಡಿನ ಮರೆಗೆ ಬೀಳದ ಹಾಗೆ ಹಿಂದಿನ ಹಲಗೆಯ ಕೆಳಗೆ, ಎರಡೂ ಮೂಲೆಗೆ ಕಟ್ಟಿ, ಪಕ್ಕದಲ್ಲಿ ಕೆಂಪು ರೇಡಿಯಂ ಪಟ್ಟಿ ಅಂಟಿಸಿ. ದೀಪ ಹೋದ ದಿನ ಅದಾದರೂ ಮಿಂಚಲಿ.

ಲೋಡು ತುಂಬಿ ಹಗ್ಗ ಬಿಗಿದ ಮೇಲೆ ಪ್ಲಗ್ ಚುಚ್ಚಿ, ದೀಪ ಹಚ್ಚಿ, ಕೆಳಗಿಳಿದು ಟ್ರಾಲಿಯ ಹಿಂದೆ ಇಪ್ಪತ್ತು ಹೆಜ್ಜೆ ನಡೆದು ತಿರುಗಿ ನೋಡಿ. ಎರಡೂ ಕೆಂಪು ಒಂದೇ ಸಮ ಉರಿಯುತ್ತಿರಬೇಕು. ದಾರಿಯಲ್ಲಿ ಸಿಗುವ ಚೌಡಾಪುರದ ಹೋಟೆಲಿನ ಹತ್ತಿರ ಚಹಾಕ್ಕೆ ನಿಂತಾಗ ಮತ್ತೊಮ್ಮೆ ನೋಡಿ. ಅಷ್ಟು ದೂರದ ಕುಲುಕಾಟಕ್ಕೆ ಸಡಿಲಾದ ಪ್ಲಗ್ಗು ಅಲ್ಲಿ ಸಿಕ್ಕಿಬೀಳುತ್ತದೆ.